ಜಗಲಿಯಲ್ಲಿ ಬಿಪಿ ಮಿಷನ್ನು, ಕವಳದ ಬಟ್ಟಲ ಪಕ್ಕ ಕನ್ನಡಿ: ಮನೆಯ ಗಂಡಸರ ಆರೋಗ್ಯ ನೋಡಿಕೊಳ್ಳುವ ಕ್ರಮ

"ಒಮ್ಮೆ ಡಾಕ್ಟರ ಹತ್ತಿರ ತೋರಿಸ್ಕೊಂಡು ಬನ್ನಿ" ಎಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಶಿರಸಿಯವರೆಗೆ ಗಂಡಸರ ಉತ್ತರ ಒಂದೇ: "ನಂಗೆಂತದೂ ಆಗ್ಲಿಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಬಿಪಿ ಏರುವಾಗ ನೋವಿರುವುದಿಲ್ಲ, ಶುಗರ್ ಏರುವಾಗ ಜ್ವರ ಬರುವುದಿಲ್ಲ. ಕವಳ (ಎಲೆ-ಅಡಿಕೆ) ಹಾಕುವವರ ಬಾಯೊಳಗೆ ಮೂಡುವ ಬಿಳಿ ಮಚ್ಚೆ ಎಷ್ಟೋ ಸಲ ಉರಿಯುವುದೂ ಇಲ್ಲ. ಹೀಗಿರುವಾಗ ಉಪದೇಶ ಕಿವಿಗೆ ಬೀಳುವುದು ಕಷ್ಟ. ಕಿವಿಗೆ ಬೀಳುವುದು ಅಂಕಿ. ಮನೆಯಲ್ಲೇ ಅಳೆದು, ಕ್ಯಾಲೆಂಡರಿನಲ್ಲಿ ಬರೆದು, ಅವರ ಕೆಲಸದ ಹಂಗಾಮು ನೋಡಿ ಒಂದು ದಿನ ಗೊತ್ತುಮಾಡಿದರೆ ಬಹಳಷ್ಟು ಜನ ಹೊರಡುತ್ತಾರೆ.

ದಿನ ಗೊತ್ತುಮಾಡುವುದು

ಮೀನುಗಾರರ ಮನೆಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನವೇ ಸರಿಯಾದ ಕಾಲ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬೋಟುಗಳು ದಡದಲ್ಲಿರುತ್ತವೆ, ಗಂಡಸರು ಬಲೆ ಹೆಣೆಯುತ್ತ ಮನೆಯಲ್ಲಿರುತ್ತಾರೆ. ಜೂನ್ ಎರಡನೇ ವಾರಕ್ಕೇ ದಿನ ಇಟ್ಟುಕೊಳ್ಳಿ. ಗುಳಿಗೆ ಶುರುವಾದರೆ ಎರಡು ವಾರ, ತಿಂಗಳಿಗೆ ಮತ್ತೆ ತೋರಿಸಬೇಕಾಗುತ್ತದೆ. ಜುಲೈ ಕೊನೆಗೆ ಹೋದರೆ ಎರಡನೇ ಭೇಟಿಯ ಹೊತ್ತಿಗೆ ಬೋಟು ಹೊರಟಿರುತ್ತದೆ. ತೋಟದ ಮನೆಗಳಿಗೆ ಕೊಯ್ಲು, ಒಣಗಿಸುವ ಗಡಿಬಿಡಿ ಮುಗಿದು ಮಳೆಗಾಲದ ಮದ್ದು ಹೊಡೆಯುವ ಕೆಲಸ ಶುರುವಾಗುವ ಮೊದಲು, ಅಂದರೆ ಏಪ್ರಿಲ್‌–ಮೇ ಒಳ್ಳೆಯದು. ಬೇರೆ ಕೆಲಸದ ಜೊತೆ ಸೇರಿಸಿದರೆ ಇನ್ನೂ ಸುಲಭ: ಅಡಿಕೆ ವ್ಯಾಪಾರಕ್ಕೆ ಶಿರಸಿಯ ಟಿ.ಎಸ್.ಎಸ್.ಗೆ (ತೋಟಗಾರರ ಸಹಕಾರಿ ಮಾರಾಟ ಸಂಘ) ಹೋಗುವ ದಿನ ಬೆಳಿಗ್ಗೆ ಮೊದಲು ರಕ್ತ ಕೊಟ್ಟು, ಆಮೇಲೆ ವ್ಯಾಪಾರ.

ಹೇಳುವ ರೀತಿಯೂ ಮುಖ್ಯ. ಊಟದ ಹೊತ್ತಿಗೆ, ಮಕ್ಕಳ ಎದುರಿಗೆ, ನೆಂಟರ ಎದುರಿಗೆ ತೆಗೆಯಬೇಡಿ. "ಯಾವಾಗಾದರೂ ಹೋಗಿ" ಎನ್ನಬೇಡಿ. "ಗುರುವಾರ ಏಳೂವರೆಗೆ, ನಾನೂ ಬರ್ತೆ" ಎನ್ನಿ. ಹೆಂಡತಿ ಹೇಳಿದರೆ ಕೇಳದವರು ಸೊಸೆ ಹೇಳಿದರೆ, ಊರಿಗೆ ಬಂದ ಮಗಳು ಹೇಳಿದರೆ ಕೇಳುತ್ತಾರೆ. ಕೆಲವರಿಗೆ ಒಬ್ಬರೇ ಹೋಗಲು ಸಂಕೋಚ. ಭಾವನನ್ನೋ ಜೊತೆಯ ಬೋಟಿನವರನ್ನೋ ಸೇರಿಸಿ ಇಬ್ಬರನ್ನೂ ಒಟ್ಟಿಗೆ ಕಳಿಸಿ.

ಎಲ್ಲಿಗೆ ಎಂದು ಕೇಳಿದರೆ, ಮೊದಲು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. 30 ವರ್ಷ ದಾಟಿದ ಯಾರಿಗಾದರೂ ಅಲ್ಲಿ ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆ ಉಚಿತ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಯಾವ ದಿನ ಯಾರಿರುತ್ತಾರೆ ಎಂದು ತಿಳಿಸುತ್ತಾರೆ. ಹೆಚ್ಚಿನ ಪರೀಕ್ಷೆ ಬೇಕಾದರೆ ತಾಲೂಕು ಆಸ್ಪತ್ರೆ, ಅಥವಾ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್.

ರಕ್ತ ಕೊಡುವ ದಿನದ ಬೆಳಿಗ್ಗೆ

ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಕನಿಷ್ಠ 8 ತಾಸು ಏನೂ ತಿಂದಿರಬಾರದು. ನೀರು ಕುಡಿಯಬಹುದು. ನಮ್ಮ ಕಡೆ ಇದು ಕೆಡುವುದು ಒಂದೇ ಕಾರಣಕ್ಕೆ: ಬೆಳಗಾಗುತ್ತಲೇ ಕುಡಿಯುವ ಕಷಾಯ. ಕೊತ್ತಂಬರಿ, ಜೀರಿಗೆ ಹಾಕಿದ ಕಷಾಯವನ್ನು ಯಾರೂ ತಿಂಡಿ ಎಂದು ಲೆಕ್ಕ ಹಿಡಿಯುವುದಿಲ್ಲ, ಆದರೆ ಅದರಲ್ಲಿ ಬೆಲ್ಲವೂ ಹಾಲೂ ಇರುತ್ತವೆ. ಬಾಯಲ್ಲಿ ಕವಳವೂ ಬೇಡ. ರಾತ್ರಿಯೇ ಒಲೆಯ ಹತ್ತಿರ "ನಾಳೆ ಕಷಾಯ ಇಲ್ಲ" ಎಂದು ಹೇಳಿಡಿ, ತಿಂಡಿಯನ್ನು ಡಬ್ಬಿಗೆ ಹಾಕಿ ಜೊತೆಗೇ ಒಯ್ಯಿರಿ. ಈಗಾಗಲೇ ಶುಗರ್ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅಂದು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು. ರಕ್ತ ಕೊಟ್ಟು, ತಿಂಡಿಯ ಹೊತ್ತಿಗೆ.

ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಶುಗರ್ ಬಾಗಿಲಲ್ಲಿ ನಿಂತಿದೆ ಎಂದು ಅರ್ಥ. 126 ಮತ್ತು ಮೇಲೆ ಇದ್ದರೆ ಇನ್ನೊಂದು ದಿನ ಮತ್ತೆ ನೋಡಿ ಖಾತ್ರಿ ಮಾಡುತ್ತಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 5.7ರ ಕೆಳಗೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಈ ಪರೀಕ್ಷೆಗೆ ಉಪವಾಸ ಬೇಡ, ಹಾಗಾಗಿ ಕಷಾಯ ಬಿಡಲೊಪ್ಪದ ಹಿರಿಯರಿಗೆ ಇದು ಅನುಕೂಲ.

ಡಾಕ್ಟರ ಕೋಣೆಯಲ್ಲಿ ಗಂಡಸರು "ಎಲ್ಲ ಅಡ್ಡಿಲ್ಲ" ಎಂದು ಎರಡು ನಿಮಿಷದಲ್ಲಿ ಎದ್ದುಬಿಡುತ್ತಾರೆ. ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ: ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಹೆಸರು (ನಾಟಿ ಮದ್ದೂ ಸೇರಿ), ದಿನಕ್ಕೆ ಎಷ್ಟು ಕವಳ, ಎಷ್ಟು ಬೀಡಿ, ವಾರಕ್ಕೆ ಎಷ್ಟು ಕುಡಿತ, ಮನೆತನದಲ್ಲಿ 55ರೊಳಗೆ ಯಾರಿಗಾದರೂ ಹೃದಯಾಘಾತ ಆಗಿತ್ತೇ. ಮೊದಲೈದು ನಿಮಿಷ ನೀವು ಜೊತೆ ಕುಳಿತು, ಆಮೇಲೆ ಹೊರಗೆ ಬನ್ನಿ. ಹೆಂಡತಿ, ಮಗನ ಎದುರಿಗೆ ಹೇಳಲಾಗದ ಮಾತು ಅವರಿಗೂ ಇರುತ್ತದೆ.

ಮನೆಯಲ್ಲಿ ಬಿಪಿ ನೋಡುವುದು

ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಮಿಷನ್ನು ತನ್ನಿ, ಮಣಿಕಟ್ಟಿನದ್ದು ಬೇಡ. ಅಂಗಡಿಯಲ್ಲೇ ಪಟ್ಟಿಯ ಅಳತೆ ನೋಡಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಬಲೆ ಎಳೆದ, ಮರ ಹತ್ತಿದ ತೋಳುಗಳು 32 ದಾಟಿರುವುದು ಅಪರೂಪವಲ್ಲ; ಅವಕ್ಕೆ ದೊಡ್ಡ ಪಟ್ಟಿಯೇ ಬೇಕು. ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿಯನ್ನು ತೋರಿಸುತ್ತದೆ.

ತಪ್ಪು ಅಂಕಿ ಬರಲು ಅತಿ ದೊಡ್ಡ ಕಾರಣ ಅವಸರ. ತೋಟ ಕೆಳಗೆ, ಮನೆ ಮೇಲೆ. ಅಪ್ಪಯ್ಯ ದಿಬ್ಬ ಹತ್ತಿ ಬಂದು ಜಗಲಿಯಲ್ಲಿ ಕುಳಿತ ಕೂಡಲೇ ಪಟ್ಟಿ ಸುತ್ತಿದರೆ 160 ತೋರಿಸೀತು, ಹತ್ತು ನಿಮಿಷ ಕಳೆದು ನೋಡಿದರೆ 136 ಇದ್ದೀತು. ಕ್ರಮ ಹೀಗಿರಲಿ. ಅರ್ಧ ತಾಸು ಮೊದಲಿನಿಂದ ಚಾ, ಕಾಫಿ, ಕವಳ, ಬೀಡಿ ಇಲ್ಲ. ಮೂತ್ರಕ್ಕೆ ಹೋಗಿ ಬರಲಿ, ತುಂಬಿದ ಮೂತ್ರಕೋಶವೂ ಅಂಕಿ ಏರಿಸುತ್ತದೆ. ಬೆನ್ನಿಗೆ ಒರಗು ಇರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ತೋಳಿನಡಿ ಮೇಜು ಅಥವಾ ಎರಡು ದಿಂಬು ಇಟ್ಟು ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಮಾಡಿ. ಅಂಗಿಯ ತೋಳನ್ನು ಮೇಲೆ ಸುರುಟಿದರೆ ಅದೇ ಬಿಗಿಯುತ್ತದೆ, ಅಂಗಿ ತೆಗೆದೇಬಿಡಿ. ಐದು ನಿಮಿಷ ಸುಮ್ಮನೆ ಕುಳಿತಿರಲಿ. ಸುಮ್ಮನೆ ಎಂದರೆ ಮಾತೂ ಇಲ್ಲ, ಮೊಬೈಲೂ ಇಲ್ಲ. ಒಂದು ಸಲ ನೋಡಿ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಎರಡನ್ನೂ ಬರೆಯಿರಿ.

ಹೀಗೆ 7 ದಿನ, ಬೆಳಿಗ್ಗೆ ಎರಡು, ಸಂಜೆ ಎರಡು. ಮೊದಲ ದಿನದ್ದನ್ನು ಬಿಟ್ಟು ಉಳಿದ 24 ಅಂಕಿಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಮೇಲೆ ಇದ್ದರೆ ಅದು ಹೆಚ್ಚು. ಆಸ್ಪತ್ರೆಯಲ್ಲಿ ನೋಡುವಾಗ ಈ ಗಡಿ 140/90. ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ; ಒಂದು ದಿನ ಆಸ್ಪತ್ರೆಯಲ್ಲಿ ನೋಡಿದ ಒಂದು ಅಂಕಿಗಿಂತ ಇದರಿಂದ ಅವರಿಗೆ ಹೆಚ್ಚು ತಿಳಿಯುತ್ತದೆ. 180/120 ದಾಟಿದ್ದು ಎರಡನೇ ಸಲವೂ ಹಾಗೇ ಇದ್ದು, ಜೊತೆಗೆ ಎದೆನೋವು, ಉಸಿರುಕಟ್ಟು, ಕಣ್ಣು ಮಂಜು, ಮಾತು ತೊದಲು, ಕೈಕಾಲು ಸೋಲು ಯಾವುದಾದರೂ ಕಂಡರೆ ಅದೇ ಗಳಿಗೆಗೆ 108. ಲಕ್ಷಣವಿಲ್ಲದಿದ್ದರೂ ಅಂದೇ ಡಾಕ್ಟರಿಗೆ ತೋರಿಸಿ.

ಗುಳಿಗೆ ಶುರುವಾದ ಮೇಲೆ ಇನ್ನೊಂದು ತಪ್ಪು ಆಗುತ್ತದೆ. ಎರಡು ತಿಂಗಳಲ್ಲಿ 128/80 ಬರುತ್ತದೆ, "ಬಿಪಿ ಗುಣ ಆಯ್ತು" ಎಂದು ಗುಳಿಗೆ ನಿಲ್ಲಿಸುತ್ತಾರೆ. ಅಂಕಿ ಇಳಿದದ್ದು ಗುಳಿಗೆ ಇರುವುದರಿಂದ. ಬಿಟ್ಟರೆ ಕೆಲವು ದಿನಗಳಲ್ಲೇ ಮತ್ತೆ ಏರುತ್ತದೆ, ಮತ್ತೆ ಸದ್ದಿಲ್ಲದೆ. ಬೋಟಿಗೆ ಹೋಗುವವರಿಗೆ ಎಷ್ಟು ದಿನದ ಪ್ರಯಾಣವೋ ಅದಕ್ಕೆ ಮೂರು ದಿನದ್ದು ಸೇರಿಸಿ, ನೀರು ಹೋಗದ ಸಣ್ಣ ಡಬ್ಬಿಯಲ್ಲಿ ಹಾಕಿ ಅಂಗಿಯ ಚೀಲದಲ್ಲಿಡಿ.

ಹೊಟ್ಟೆ ಮತ್ತು ಉಪ್ಪು

ಸೊಂಟದ ಅಳತೆಗೆ ಪ್ಯಾಂಟಿನ ಸೈಜು ನಂಬಬೇಡಿ. ಪ್ಯಾಂಟೂ ಪಂಚೆಯೂ ಹೊಟ್ಟೆಯ ಕೆಳಗೆ ನಿಲ್ಲುತ್ತವೆ, ಹೊಟ್ಟೆ ಬೆಳೆದರೂ ಸೈಜು 34 ಆಗಿಯೇ ಉಳಿಯುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಓದಿ. ಟೇಪು ಇಲ್ಲದಿದ್ದರೆ ಬಾಳೆನಾರು ಸುತ್ತಿ, ಆಮೇಲೆ ಸ್ಕೇಲಿಗೆ ಹಿಡಿಯಿರಿ. ಭಾರತದ ಗಂಡಸರಿಗೆ 90 ಸೆಂ.ಮೀ. ಗಡಿ.

ಉಪ್ಪಿನ ಲೆಕ್ಕ ಇನ್ನೂ ಸುಲಭ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ದೊಡ್ಡವರಿರುವ ಮನೆಯಲ್ಲಿ ಒಂದು ಕೇಜಿ ಪೊಟ್ಟಣ 50 ದಿನ ಬರಬೇಕು. ಒಡೆದ ದಿನಾಂಕವನ್ನು ಪೊಟ್ಟಣದ ಮೇಲೇ ಬರೆಯಿರಿ. 25 ದಿನಕ್ಕೆ ಮುಗಿದರೆ ಎರಡು ಪಟ್ಟು ತಿನ್ನುತ್ತಿದ್ದೀರಿ, ಅದೂ ಉಪ್ಪಿನಕಾಯಿ, ಒಣಮೀನು, ಹಪ್ಪಳದ ಉಪ್ಪು ಬಿಟ್ಟು. ಬೆಳಿಗ್ಗೆ ಗಂಜಿಯ ಜೊತೆ ಒಂದು ಇಡೀ ಅಪ್ಪೆಮಿಡಿ, ಮಧ್ಯಾಹ್ನ ಮಜ್ಜಿಗೆಗೆ ಇನ್ನೊಂದು: ಮಿಡಿಯನ್ನು ಇಟ್ಟಿರುವುದೇ ಉಪ್ಪಿನಲ್ಲಿ. ಬಿಡಿ ಎಂದರೆ ಯಾರೂ ಬಿಡಲಾರರು, ಅರ್ಧ ಮಿಡಿ ಹಾಕಿ, ರಸ ಬೇಡ. ಒಣಮೀನನ್ನು ಅರ್ಧ ತಾಸು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮೇಲೆ ಉಪ್ಪು ಹಾಕದೆ ಸಾರು ಮಾಡಿ. ತಾಜಾ ಬಂಗಡೆ, ತಾರ್ಲೆ ಧಾರಾಳವಾಗಿ ತಿನ್ನಲಿ, ಹುರಿಯುವುದಕ್ಕಿಂತ ಸಾರಿನಲ್ಲಿ. ಊಟದ ಎಲೆಗೆ ಉಪ್ಪು ಬಡಿಸುವ ರೂಢಿಯನ್ನು ಮನೆಯ ದಿನದೂಟದಿಂದ ತೆಗೆಯಿರಿ.

ಕವಳ ಹಾಕುವವರ ಬಾಯಿ

ಅಡಿಕೆಯೇ ಅನ್ನ ಕೊಡುವ ಊರುಗಳಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಹೇಳಬೇಕು: ತಂಬಾಕು ಹಾಕಿದ ಕವಳವಷ್ಟೇ ಅಲ್ಲ, ತಂಬಾಕು ಇಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಡಿಕೆ ಕೆನ್ನೆಯ ಒಳಚರ್ಮವನ್ನು ನಾರುನಾರಾಗಿಸಿ ಬಿಗಿಯುವಂತೆಯೂ ಮಾಡುತ್ತದೆ. ಖಾರ ತಿಂದರೆ ಉರಿ, ಕೆನ್ನೆ ಒಳಗೆ ಬಿಳಿಚಿ ತೊಗಲಿನಂತಾಗುವುದು, ಬಾಯಿ ಪೂರ್ತಿ ತೆರೆಯಲಾಗದಿರುವುದು ಅದರ ಗುರುತು.

ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ ಎಂದಿಟ್ಟುಕೊಂಡರೆ ಮರೆಯುವುದಿಲ್ಲ, ಬಾಯಿ ನೋಡಿ. ಹಲ್ಲಿನ ಸೆಟ್ ಇದ್ದರೆ ತೆಗೆದು, ಬಾಯಿ ಮುಕ್ಕಳಿಸಲಿ. ಕಿಟಕಿಯ ಬೆಳಕಿಗೆ ಕೂರಿಸಿ, ಕೈಯಲ್ಲಿ ಬ್ಯಾಟರಿ ಹಿಡಿಯಿರಿ. ಮೊದಲು ಕವಳ ಒತ್ತರಿಸಿಡುವ ದವಡೆಯ ಮೂಲೆ. ಎಡವೋ ಬಲವೋ, ಪ್ರತಿಯೊಬ್ಬರಿಗೂ ಒಂದು ಜಾಗ ಇರುತ್ತದೆ, ಕೇಳಿ ತಿಳಿದುಕೊಳ್ಳಿ. ಆಮೇಲೆ ಇನ್ನೊಂದು ಕೆನ್ನೆ, ತುಟಿಯ ಒಳಭಾಗ, ಒಸಡು. ನಾಲಿಗೆಯ ತುದಿಯನ್ನು ಒಣ ಬಟ್ಟೆಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಎಳೆದು ಅಂಚುಗಳನ್ನು ನೋಡಿ. ನಾಲಿಗೆ ಮೇಲೆತ್ತಿಸಿ ಅಡಿಭಾಗ ನೋಡಿ. ಕೊನೆಗೆ ಅಂಗುಳ (ಬಾಯಿಯ ಮೇಲ್ಛಾವಣಿ) ನೋಡಿ, ಮತ್ತು ಕುತ್ತಿಗೆಯ ಎರಡೂ ಬದಿಯಲ್ಲಿ ಗಂಟು ಇದೆಯೇ ಎಂದು ಬೆರಳಾಡಿಸಿ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ತಾನಾಗಿ ಸಡಿಲವಾದ ಹಲ್ಲು, ಗಂಟು: ಇವುಗಳಲ್ಲಿ ಒಂದಿದ್ದರೂ ದಂತವೈದ್ಯರಿಗೆ ತೋರಿಸಿ. ಕೆಂಪು ಮಚ್ಚೆ ಬಿಳಿಯದಕ್ಕಿಂತ ಹೆಚ್ಚು ಅಪಾಯದ್ದು. ನೋವಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಲ್ಲ, ಮೊದಲ ಹಂತದಲ್ಲಿ ನೋವು ಇರದಿರುವುದೇ ಹೆಚ್ಚು.

ಜೊತೆಗೆ ಮೂರು ಬೆರಳಿನ ಪರೀಕ್ಷೆ. ಅವರದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಸೇರಿಸಿ ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಹಿಡಿಸಿ. ಮೂರು ಹಿಡಿಯಬೇಕು. ಎರಡೇ ಹಿಡಿದರೆ ಬಾಯಿ ಬಿಗಿಯುತ್ತಿದೆ. ಬಿಗಿದದ್ದು ತಾನಾಗಿ ಸಡಿಲವಾಗುವುದಿಲ್ಲ. ಮುಂದೆ ಬಿಗಿಯದಂತೆ ತಡೆಯಬೇಕಾದರೆ ಅಡಿಕೆ ಪೂರ್ತಿ ನಿಲ್ಲಬೇಕು.

ನಿಲ್ಲಿಸುವವರಿಗೆ ಮೊದಲ ಎರಡು ಮೂರು ದಿನ ಅತಿ ಕಷ್ಟ, ಮೂರು ನಾಲ್ಕು ವಾರಕ್ಕೆ ಇಳಿಯುತ್ತದೆ. ಸಿಡುಕು, ನಿದ್ದೆಗೇಡು ನಿಕೋಟಿನ್ ಬಿಟ್ಟದ್ದರಿಂದ, ಮನೆಯವರ ಮೇಲಿನ ಸಿಟ್ಟಲ್ಲ. ಕವಳದ ಬಟ್ಟಲನ್ನು ಕಣ್ಣೆದುರಿನಿಂದ ತೆಗೆಯಿರಿ, ಬಂದವರಿಗೆ ಕೊಡಲೇಬೇಕಾದರೆ ಒಳಗಿನಿಂದ ತಂದು ಕೊಟ್ಟು ಒಳಗೇ ಒಯ್ಯಿರಿ. ಬಾಯಿಗೆ ಏಲಕ್ಕಿ, ಲವಂಗ, ಒಣ ನೆಲ್ಲಿಚಟ್ಟು. ಊಟವಾದ ಕೂಡಲೇ ಎದ್ದು ಹತ್ತು ನಿಮಿಷ ನಡೆಯಲಿ, ಬಾಯಿ ಕವಳ ಕೇಳುವುದು ಆಗಲೇ. ತಂಬಾಕು ಹಾಕುವವರಿಗೆ 2 ಮಿ.ಗ್ರಾಂ. ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ನಿಧಾನ ಜಗಿದು, ಚುರುಚುರು ಎಂದೊಡನೆ ಕೆನ್ನೆಗೆ ಒತ್ತರಿಸಿಡಬೇಕು. ಚುರುಚುರು ಹೋದ ಮೇಲೆ ಮತ್ತೆ ಜಗಿಯಬೇಕು. ಕಾಲು ತಾಸು ಮೊದಲಿನಿಂದ ಚಾ, ಕಾಫಿ ಕುಡಿದಿರಬಾರದು. ಹೃದಯದ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿಯೇ ಶುರುಮಾಡಿ. ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-11-2356.

ಮೂತ್ರ, ಮತ್ತು ಹೇಳಿಕೊಳ್ಳದ ವಿಷಯ

50 ದಾಟಿದವರು ರಾತ್ರಿ ಎರಡು ಮೂರು ಸಲ ಏಳುತ್ತಿದ್ದರೆ, ಧಾರೆ ಸಣ್ಣದಾಗಿದ್ದರೆ, ನಿಂತು ಕಾಯಬೇಕಾಗುತ್ತಿದ್ದರೆ ಪ್ರಾಸ್ಟೇಟ್ ನೋಡಿಸಿ. ಬಹಳ ಸಲ ಕ್ಯಾನ್ಸರ್ ಅಲ್ಲದ ಬಾವು, ಗುಳಿಗೆಗೇ ಬಗ್ಗುತ್ತದೆ. ಇಂಥವರು ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ತಂದ ಗುಳಿಗೆ ನುಂಗಬಾರದು. ಮೂಗು ಬಿಡಿಸುವ ಕೆಲವು ಗುಳಿಗೆಗಳು ಮೂತ್ರವನ್ನೇ ಕಟ್ಟಿಬಿಡುತ್ತವೆ. ಮೂತ್ರದಲ್ಲಿ ರಕ್ತ ಒಮ್ಮೆ ಕಂಡು ನಿಂತರೂ ತೋರಿಸಲೇಬೇಕು.

ನಿಮಿರುವಿಕೆ ಕುಂದುವುದನ್ನು ಗಂಡಸರು ವಯಸ್ಸಿನ ತಲೆಗೆ ಕಟ್ಟುತ್ತಾರೆ. ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಪೂರ, ಮೊದಲು ಕಟ್ಟುವುದು ಅದೇ. ಹೃದ್ರೋಗ ಕಾಣಿಸಿಕೊಳ್ಳುವುದಕ್ಕೆ ಕೆಲವು ವರ್ಷ ಮೊದಲೇ ಇದು ಕಾಣಿಸಿಕೊಳ್ಳಬಹುದು. ಹೆಂಡತಿಗೆ ಗೊತ್ತಿರುವ ಈ ವಿಷಯ ಡಾಕ್ಟರಿಗೂ ಗೊತ್ತಾಗಬೇಕು.

ಕಾಡು, ಗದ್ದೆಗೆ ಹೋಗುವವರ ಜ್ವರ

ಡಿಸೆಂಬರಿನಿಂದ ಮೇವರೆಗೆ ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ತರುವವರಿಗೆ ಉಣುಗು (ಉಣ್ಣೆ ಹುಳ) ಕಚ್ಚಿ ಮಂಗನ ಕಾಯಿಲೆ ಬರಬಹುದು. ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಡುವ ಮೊದಲು ಆರೋಗ್ಯ ಕೇಂದ್ರ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿಗೆ ಇಳಿಯುವವರಿಗೆ ಇಲಿಜ್ವರ: ಮೀನಖಂಡ ಮುಟ್ಟಲಾಗದಷ್ಟು ನೋವು, ಕೆಂಪು ಕಣ್ಣು. ಕಾಲಿನ ಗಾಯಕ್ಕೆ ಪಟ್ಟಿ ಹಾಕಿ, ಬೂಟು ಹಾಕಿಯೇ ಇಳಿಯಲಿ. ಎರಡರಲ್ಲೂ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ, ರಕ್ತಸ್ರಾವ ಹೆಚ್ಚಾದೀತು. "ಬೆಟ್ಟಕ್ಕೆ ಹೋಗಿದ್ದರು", "ಗದ್ದೆಯಲ್ಲಿದ್ದರು" ಎಂದು ಡಾಕ್ಟರಿಗೆ ನೀವೇ ಹೇಳಿ.

ಕುಡಿತ ಮತ್ತು ಮನಸ್ಸು

ದಿನವೂ ಹೆಚ್ಚು ಕುಡಿಯುವವರನ್ನು ಆಣೆ ಹಾಕಿಸಿ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಕೊನೆಯ ಕುಡಿತ ಕಳೆದು ಆರೆಂಟು ತಾಸಿಗೆ ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣುವುದು, ಗೊಂದಲ. ಇದು ಜೀವಕ್ಕೇ ಅಪಾಯ. ಡಾಕ್ಟರ ಗುಳಿಗೆಯ ಆಸರೆಯಲ್ಲಿ ನಿಲ್ಲಿಸಿದರೆ ಸುರಕ್ಷಿತ.

ಬೇಜಾರಾಗಿದೆ ಎಂದು ಗಂಡಸರು ಬಾಯಿಬಿಟ್ಟು ಹೇಳುವುದು ಕಡಿಮೆ. ನಸುಕಿನ ಮೂರು ಗಂಟೆಗೆ ಎಚ್ಚರ, ಸಣ್ಣದಕ್ಕೂ ಸಿಟ್ಟು, ಯಕ್ಷಗಾನವನ್ನೂ ಬಿಟ್ಟು ಮನೆಯಲ್ಲೇ ಕೂರುವುದು ಎರಡು ವಾರ ದಾಟಿದರೆ ಕೇಳಿ. ಎದುರು ಕೂತು ಕೇಳುವುದಕ್ಕಿಂತ ಅಡಿಕೆ ಸುಲಿಯುತ್ತ, ಬಲೆ ಹೆಣೆಯುತ್ತ ಪಕ್ಕದಲ್ಲಿ ಕೂತು ಕೇಳಿದರೆ ಮಾತು ಬರುತ್ತದೆ. ಬದುಕು ಬೇಡ ಎನಿಸುತ್ತದೆಯೇ ಎಂದು ನೇರ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ತೋಟದ ವಿಷವನ್ನು ಬೇರೆ ಮನೆಗೆ ಸಾಗಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ.

"ಗ್ಯಾಸ್" ಎಂದ ರಾತ್ರಿ

ಎದೆ ನಡುವೆ ಒತ್ತಿದ ಹಾಗೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ವಾಕರಿಕೆ. ಮನೆಯಲ್ಲಿ ಓಮದ ನೀರು, ಜೀರಿಗೆ ಕಷಾಯ, ಸೋಡಾ ಎಂದು ಎರಡು ತಾಸು ಹೋಗುವುದು ಇಲ್ಲಿಯೇ. 15 ನಿಮಿಷದಲ್ಲಿ ಹೋಗದ ಎದೆಯೊತ್ತು ಗ್ಯಾಸ್ ಅಲ್ಲ ಎಂದೇ ಹಿಡಿದು 108ಕ್ಕೆ ಕರೆ ಮಾಡಿ. ಶುಗರ್ ಇದ್ದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಬೆವರು ಇರಬಹುದು.

ನಮ್ಮ ಜಿಲ್ಲೆಯಲ್ಲಿ ಈ ಅವಸರಕ್ಕೆ ಇನ್ನೂ ಹೆಚ್ಚಿನ ಕಾರಣ ಇದೆ. ಶಿರಸಿಯಿಂದ ಹುಬ್ಬಳ್ಳಿ 100 ಕಿ.ಮೀ. ಹತ್ತಿರ, ಕರಾವಳಿಯವರು ಮಣಿಪಾಲಕ್ಕೋ ಗೋವೆಗೋ ಓಡಬೇಕು. ಹಾಗಾಗಿ ನೇರ ದೂರದ ಊರಿಗೆ ಕಾರು ತಿರುಗಿಸಬೇಡಿ. ಮೊದಲು ಇಸಿಜಿ ಇರುವ ಅತಿ ಹತ್ತಿರದ ಆಸ್ಪತ್ರೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಮೊದಲ ಮೂರು ತಾಸಿನಲ್ಲಿ ಕೊಟ್ಟರೆ ಹೆಚ್ಚು ಫಲ, 12 ತಾಸಿನ ನಂತರ ಉಪಯೋಗ ತೀರ ಕಡಿಮೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಇದೆಯೇ ಎಂದು ಈಗಲೇ, ಎಲ್ಲರೂ ಆರಾಮ ಇರುವಾಗಲೇ ಕೇಳಿಟ್ಟುಕೊಳ್ಳಿ. ಆಂಬುಲೆನ್ಸ್ ಬರುವಷ್ಟರಲ್ಲಿ 300–325 ಮಿ.ಗ್ರಾಂ. ಆಸ್ಪಿರಿನ್ ಜಗಿದು ನುಂಗಿಸಬಹುದು. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಹೊಟ್ಟೆಯಲ್ಲಿ ರಕ್ತಸ್ರಾವ ಆದವರಿಗೆ, ಮಾತು ತೊದಲಿ ಮುಖ ಸೊಟ್ಟಗಾದವರಿಗೆ ಬೇಡ. ಪಕ್ಕದ ಮನೆಯವರು ಕೊಡುವ ನಾಲಿಗೆಯಡಿಯ ಗುಳಿಗೆ ಇಡಬೇಡಿ. ವಯಾಗ್ರ ಜಾತಿಯ ಗುಳಿಗೆ ನುಂಗಿದವರಿಗೆ ಅದರಿಂದ ಬಿಪಿ ಕುಸಿದು ಜೀವ ಹೋಗಬಹುದು. ಎದೆನೋವು ಬಂದವರು ನಡೆದು ಕಾರಿನವರೆಗೆ ಬರುತ್ತೇನೆ ಎಂದರೂ ಬೇಡ, ಕುರ್ಚಿಯಲ್ಲಿ ಕೂರಿಸಿ ಹೊತ್ತು ತನ್ನಿ.

ಒಂದು ಹಾಳೆ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ: 108, ತಾಲೂಕು ಆಸ್ಪತ್ರೆಯ ಫೋನ್, ರಾತ್ರಿ ಎಬ್ಬಿಸಿದರೆ ಕಾರು ತರುವ ಇಬ್ಬರ ಹೆಸರು, ಮನೆಯ ಗಂಡಸರ ಗುಳಿಗೆಗಳ ಪಟ್ಟಿ, ಕೊನೆಯ ಬಿಪಿ ಮತ್ತು ಶುಗರ್, ಆಯುಷ್ಮಾನ್ ಕಾರ್ಡ್ ಇಟ್ಟ ಜಾಗ. ಮನೆಗೆ ರಸ್ತೆ ತಪ್ಪುವಂತಿದ್ದರೆ ಆಂಬುಲೆನ್ಸಿನವರಿಗೆ ಹೇಳಬೇಕಾದ ಗುರುತನ್ನೂ ಬರೆಯಿರಿ: ಯಾವ ಸೇತುವೆ ದಾಟಿ ಎಡಕ್ಕೆ, ಯಾವ ದಣಪೆಯ ಹತ್ತಿರ ಬ್ಯಾಟರಿ ಹಿಡಿದು ಯಾರು ನಿಲ್ಲುತ್ತಾರೆ.